ಭರಣಿ, ಪೀಪಾಯಿ, ಇಸವಿ: ಕುಟ್ಟದಿಂದ ನಂದಿಯವರೆಗೆ ಕೆಂಪು ವೈನಿನ ಚರಿತ್ರೆ

ಕೊಡಗಿನ ದಕ್ಷಿಣದ ಅಂಚಿನಲ್ಲಿರುವ ಕುಟ್ಟದ ತೋಟದ ಮನೆಗಳಲ್ಲಿ ಕೆಂಪು ವೈನ್ ಹಾಕುವ ರೂಢಿ ಇದೆ, ದ್ರಾಕ್ಷಿ ತೋಟ ಇಲ್ಲ. ಬ್ರಹ್ಮಗಿರಿಯ ಬುಡ, ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ತೋಲ್ಪೆಟ್ಟಿ ದಾಟಿದರೆ ಕೇರಳದ ವಯನಾಡು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಈ ಊರಿನಲ್ಲಿ ಕಾಫಿ, ಕರಿಮೆಣಸು, ಅಡಿಕೆ, ಕಿತ್ತಳೆ ಬೆಳೆಯುತ್ತವೆ. ದ್ರಾಕ್ಷಿ ಬಳ್ಳಿಗೆ ಇದು ತಕ್ಕ ಸೀಮೆಯಲ್ಲ. ಕೊಡಗು ಜಿಲ್ಲೆಗೆ ವರ್ಷಕ್ಕೆ ಸರಾಸರಿ ಸುಮಾರು 2,700 ಮಿ.ಮೀ. ಮಳೆಯಾದರೆ, ದ್ರಾಕ್ಷಿಗೆ ಹೆಸರಾದ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ 800 ಮಿ.ಮೀ. ಆಸುಪಾಸು, ವಿಜಯಪುರದಲ್ಲಿ ಅದಕ್ಕಿಂತಲೂ ಕಡಿಮೆ. ಎಲೆ ಒದ್ದೆಯಾಗಿಯೇ ಇದ್ದರೆ ಬೂಜು ತುಪ್ಪಟ ರೋಗ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಬರಿದು ಮಾಡುತ್ತದೆ. ಹಾಗಾಗಿ ಕುಟ್ಟದ ವೈನಿನ ಹಣ್ಣು ಯಾವಾಗಲೂ ಘಟ್ಟದ ಪೂರ್ವದ ಬಯಲುಸೀಮೆಯಿಂದಲೇ ಬರಬೇಕು. ಕುಡಿಯುವವರು ಮಲೆನಾಡಿನಲ್ಲಿ, ಬೆಳೆಯುವವರು ಬಯಲಿನಲ್ಲಿ ಎಂಬ ಈ ಹಂಚಿಕೆಯಿಂದಲೇ ದಕ್ಷಿಣ ಕರ್ನಾಟಕದ ಕೆಂಪು ವೈನಿನ ಕಥೆ ಎರಡು ಕವಲಾಗಿ ಹರಿದಿದೆ: ಒಂದು ಮನೆಯ ಭರಣಿಯದು, ಇನ್ನೊಂದು ವರ್ಷಗಟ್ಟಲೆ ಇಟ್ಟು ಮಾಗಿಸಬಲ್ಲ ವೈನಿನದು. ಎರಡನೆಯದಕ್ಕೆ ವಯಸ್ಸು ಇನ್ನೂ ನಾಲ್ಕು ದಶಕವೂ ಆಗಿಲ್ಲ.

ದ್ರಾಕ್ಷಿಯ ಮದ್ಯ ಈ ನೆಲಕ್ಕೆ ಅಪರಿಚಿತವಾಗಿತ್ತು ಎಂದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ರಾಕ್ಷಾರಸದಿಂದ ಮಾಡಿದ್ದನ್ನು ‘ಮಧು’ ಎಂದು ಕರೆದು, ಕಾಪಿಶಾಯನ, ಹಾರಹೂರಕ ಎಂದು ಊರಿನ ಮೇಲಿಂದ ಅದರ ಬಗೆಗಳನ್ನು ಹೆಸರಿಸುತ್ತದೆ. ಎರಡೂ ವಾಯವ್ಯದ ಸರಕು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಪಾನಗೋಷ್ಠಿಯ ವಿವರಗಳಿವೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಮಾರಾಟಕ್ಕಿದ್ದುದನ್ನೂ ಅದರ ಬೆಲೆಯನ್ನೂ ಬರೆದಿಟ್ಟಿದ್ದಾನೆ: ಒಂದು ಹಣಕ್ಕೆ (ಆಗಿನ ನಾಣ್ಯ) ಮೂರು ಗೊಂಚಲು. ಅದೇ ಒಂದು ಹಣಕ್ಕೆ ಹತ್ತು ದಾಳಿಂಬೆ ಸಿಗುತ್ತಿದ್ದವಂತೆ. ಇಷ್ಟು ದುಬಾರಿ ಹಣ್ಣನ್ನು ತಿನ್ನುವುದೇ ಹೆಚ್ಚು. ಹಿಂಡಿ ಹುಳಿಬರಿಸಿ ಊರಿಗೆಲ್ಲ ಹಂಚುವ ಮಾತು ದೂರ. ಸಾಮಾನ್ಯರ ಪಾನೀಯ ಹೆಂಡ, ಸೇಂದಿ, ಅಕ್ಕಿ ಮತ್ತು ಬೆಲ್ಲದ ಮದ್ಯ. ಕೊಡಗಿನಲ್ಲೂ ಹಾಗೆಯೇ. ಕೊಡವರ ಐನ್‌ಮನೆಗಳಲ್ಲಿ (ಕುಲದ ಮೂಲಮನೆಗಳಲ್ಲಿ) ಕುಲದ ಹಿರಿಯರಾದ ಗುರುಕಾರಣರಿಗೆ ವರ್ಷಕ್ಕೊಮ್ಮೆ ಮಾಂಸದ ಅಡುಗೆಯ ಜೊತೆಗೆ ಮದ್ಯವನ್ನೂ ಎಡೆ ಇಡುವ ಪದ್ಧತಿ ಇವತ್ತಿಗೂ ನಡೆದುಬಂದಿದೆ. ಈ ಆಚರಣೆ ಕೊಡಗಿಗೆ ದ್ರಾಕ್ಷಿ ಬರುವುದಕ್ಕಿಂತ ಬಹಳ ಹಿಂದಿನದು. ಮದ್ಯವನ್ನು ಪಾಪದ ವಸ್ತುವಾಗಿ ನೋಡದ ಇಂಥ ಸಮಾಜದಲ್ಲಿ ಹೊಸ ಬಗೆಯ ಮದ್ಯವೊಂದು ನೆಲೆಯೂರಲು ತಡವಾಗಲಿಲ್ಲ.

ಆ ಹೊಸ ಬಗೆ ಬಂದದ್ದು ಎರಡು ದಾರಿಯಲ್ಲಿ. ಮೊದಲನೆಯದು ಇಗರ್ಜಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟು, ತನ್ನದೇ ಹೆಸರಿನ ಹೊಸ ಪೇಟೆಯಲ್ಲಿ ನೆಲೆ ಮಾಡಿಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರದು. ಕಥೋಲಿಕರ ಬಲಿಪೂಜೆಗೆ ಬೇಕಾದ ವೈನ್ ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು. ಇದು ಧರ್ಮಸಭೆಯ ಕಟ್ಟಳೆ. ಬೇಕಾಗುತ್ತಿದ್ದುದು ಬಟ್ಟಲಿನಷ್ಟೇ ಆದರೂ ತಪ್ಪುವಂತಿರಲಿಲ್ಲ. ಎರಡನೆಯ ದಾರಿ ಕಾಫಿ. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬವನು ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿ ತೋಟ ತೆರೆದ. ಮುಂದಿನ ಎರಡು ದಶಕಗಳಲ್ಲಿ ಸಿದ್ದಾಪುರ, ಪಾಲಿಬೆಟ್ಟದ ಬಿದಿರು ಕಾಡುಗಳು ಕಾಫಿ ತೋಟಗಳಾದವು. ದೊರೆಗಳ ಬಂಗಲೆ, ಅವರ ಕ್ಲಬ್ಬು, ಅವರ ಬಟ್ಲರು, ಅವರ ಊಟದ ಮೇಜಿನ ಮೇಲಿನ ಬಾಟಲಿ ಇವೆಲ್ಲ ಜಿಲ್ಲೆಯ ದಿನಚರಿಯೊಳಗೆ ಸೇರಿಕೊಂಡವು.

ಆ ಬಾಟಲಿಯಲ್ಲಿ ಇರುತ್ತಿದ್ದುದು ಬಹುಮಟ್ಟಿಗೆ ಮದೀರಾ, ಪೋರ್ಟ್, ಶೆರ್ರಿ. ಸಾಧಾರಣ ಕೆಂಪು ವೈನ್ ಹಡಗಿನ ಹೊಟ್ಟೆಯಲ್ಲಿ ಆಫ್ರಿಕವನ್ನು ಬಳಸಿಕೊಂಡು ಉಷ್ಣವಲಯ ದಾಟಿ ಬರುವಷ್ಟರಲ್ಲಿ ಹುಳಿಹಿಡಿಯುವ ಅಪಾಯ ಇತ್ತು. ದ್ರಾಕ್ಷಿಯ ಬ್ರಾಂಡಿ ಬೆರೆಸಿ ಮದ್ಯಸಾರವನ್ನು 18–20 ಪ್ರತಿಶತಕ್ಕೆ ಏರಿಸಿದ ವೈನ್‌ಗಳು ಮಾತ್ರ ಪ್ರಯಾಣವನ್ನು ತಡೆದುಕೊಳ್ಳುತ್ತಿದ್ದವು. ಮದೀರಾ ಅಂತೂ ಹಡಗಿನ ಸೆಕೆಯಲ್ಲಿ ಇನ್ನಷ್ಟು ಚೆನ್ನಾಗುತ್ತದೆ ಎಂದು ಕಂಡುಕೊಂಡ ವ್ಯಾಪಾರಿಗಳು ಪೀಪಾಯಿಗಳನ್ನು ಭಾರತಕ್ಕೆ ಕಳಿಸಿ ವಾಪಸ್ ತರಿಸಿಕೊಂಡು ಹೆಚ್ಚು ಬೆಲೆಗೆ ಮಾರಿದ್ದೂ ಉಂಟು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಫ್ರಾನ್ಸಿನ ವೈನ್ ಬೇಗ ಬರತೊಡಗಿತು. ಆದರೆ ಕೊಡಗಿಗೆ ರೈಲು ಬರಲೇ ಇಲ್ಲ, ಇವತ್ತಿಗೂ ಬಂದಿಲ್ಲ. ಮೈಸೂರಿನಿಂದ ಮುಂದಕ್ಕೆ ಎತ್ತಿನ ಗಾಡಿಯ ದಾರಿ. ಕೆಂಪು ವೈನ್ ಎಂದರೆ ಸಿಹಿಯಾಗಿ, ಗಟ್ಟಿಯಾಗಿ, ಸ್ವಲ್ಪ ಖಾರವಾಗಿ ಇರಬೇಕು ಎಂಬ ರುಚಿ ಈ ಕಾಲದಲ್ಲಿಯೇ ಕುದುರಿತು ಎನ್ನಲು ಸಾಕಷ್ಟು ಕಾರಣವಿದೆ. ಮನೆಯ ಭರಣಿಯ ವೈನ್ ಈ ಪೋರ್ಟ್ ರುಚಿಯನ್ನೇ ಅನುಕರಿಸುತ್ತದೆ; ಫ್ರಾನ್ಸಿನ ಬೋರ್ಡೋದ ಒಗರು ವೈನ್‌ಗೂ ಅದಕ್ಕೂ ಸಂಬಂಧವಿಲ್ಲ.

ಇದೇ ಶತಮಾನದಲ್ಲಿ ಬೆಂಗಳೂರಿನ ಸುತ್ತಮುತ್ತ ಒಂದು ಕಪ್ಪು ದ್ರಾಕ್ಷಿ ನೆಲೆಗೊಂಡಿತು. ಅದೇ ಬೆಂಗಳೂರು ಬ್ಲೂ. ಸಸ್ಯವಿಜ್ಞಾನಿಗಳು ಅಮೆರಿಕದ ಇಸಾಬೆಲ್ಲಾ ತಳಿಯ ಜೊತೆ ಇದನ್ನು ಸೇರಿಸುತ್ತಾರೆ. ಯುರೋಪಿನ ವೈನ್ ದ್ರಾಕ್ಷಿಯಾದ ವಿಟಿಸ್ ವಿನಿಫೆರಾ ಮತ್ತು ಉತ್ತರ ಅಮೆರಿಕದ ವಿಟಿಸ್ ಲಬ್ರುಸ್ಕಾ ಬೆರೆತ ಬಳ್ಳಿ ಇದು. ದಪ್ಪ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು, ಬೀಜ, ಎದ್ದು ಹೊಡೆಯುವ ವಾಸನೆ. ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ ಆ ವಾಸನೆಯ ಮೂಲ. ದ್ರಾಕ್ಷಿ ಪೆಪ್ಪರಮಿಂಟಿಗೆ ಕಾರ್ಖಾನೆಗಳು ಹಾಕುವುದೂ ಅದನ್ನೇ. ಕೆಲವು ರೋಗಗಳಿಗೆ ಜಗ್ಗದ, ವರ್ಷಕ್ಕೆ ಎರಡು ಬೆಳೆ ಕೊಡುವ, ಹೆಕ್ಟೇರಿಗೆ 40 ಟನ್‌ವರೆಗೂ ಇಳುವರಿ ಬರುವ ಈ ಬಳ್ಳಿಯನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ರೈತ ಕಲ್ಲುಕಂಬದ ಚಪ್ಪರಕ್ಕೆ ಹಬ್ಬಿಸಿ ತನ್ನದಾಗಿಸಿಕೊಂಡ. ಅತ್ತ ಫ್ರಾನ್ಸಿನಲ್ಲಿ ಇದರ ನಂಟರಿಗೆ ಬೇರೆಯೇ ಗತಿ ಕಾದಿತ್ತು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಬೇರಿಗೆ ಅಂಟಿಕೊಂಡು ಹೋದ ಫಿಲಾಕ್ಸೆರಾ ಎಂಬ ಹೇನು ಅಲ್ಲಿನ ದ್ರಾಕ್ಷಿ ತೋಟಗಳನ್ನು ನಾಶ ಮಾಡಿತು. 1930ರ ದಶಕದಲ್ಲಿ ಫ್ರಾನ್ಸ್ ಇಸಾಬೆಲ್ಲಾ ಸೇರಿದಂತೆ ಹಲವು ಅಮೆರಿಕನ್ ಮಿಶ್ರತಳಿಗಳನ್ನು ವೈನಿಗೆ ಬಳಸಬಾರದೆಂದು ನಿಷೇಧಿಸಿತು. ಅಲ್ಲಿ ಬಹಿಷ್ಕಾರಕ್ಕೊಳಗಾದ ಕುಲದ ದ್ರಾಕ್ಷಿ ಇಲ್ಲಿ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು ಚರಿತ್ರೆಯ ಒಂದು ಸಣ್ಣ ತಮಾಷೆ.

ಕುಟ್ಟ, ಶ್ರೀಮಂಗಲ, ಗೋಣಿಕೊಪ್ಪಲಿನ ಮನೆಗಳಲ್ಲಿ ವೈನಾಗುವುದು ಹೆಚ್ಚಾಗಿ ಇದೇ ಹಣ್ಣು. ಕ್ರಮ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ತೊಳೆದು, ಬಟ್ಟೆಯ ಮೇಲೆ ಹರವಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಹಣ್ಣನ್ನು ಕೈಯಲ್ಲೇ ಕಿವುಚುತ್ತಾರೆ. ಕಿಲೋ ಹಣ್ಣಿಗೆ ಸುಮಾರು ಅಷ್ಟೇ ತೂಕದ ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟ್, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಎಲ್ಲವೂ ಉಪ್ಪಿನಕಾಯಿ ಹಾಕುವಂಥ ಪಿಂಗಾಣಿ ಭರಣಿಗೆ ಹೋಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಡುತ್ತಾರೆ. ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಒಣಗಿದ ಮರದ ಸೌಟಿನಲ್ಲಿ ತಿರುವಬೇಕು. ಮೇಲೆ ತೇಲುವ ಸಿಪ್ಪೆಯ ಪದರ ಒಣಗಿದರೆ ಬೂಸ್ಟು ಹಿಡಿಯುತ್ತದೆ. ಇಪ್ಪತ್ತೊಂದನೆಯ ದಿನ ಸೋಸಿ, ಇನ್ನೊಂದು ಇಪ್ಪತ್ತೊಂದು ದಿನ ಅಲುಗಿಸದೆ ಇಟ್ಟು, ತಿಳಿಯನ್ನು ಬಾಟಲಿಗೆ ಬಗ್ಗಿಸುವುದು. ಬಣ್ಣ ಸಾಲದೆಂದು ಕಂಡರೆ ಸಕ್ಕರೆಯನ್ನು ಕಂದಾಗುವವರೆಗೆ ಕರಗಿಸಿ ಸೇರಿಸುವವರಿದ್ದಾರೆ. ದ್ರಾಕ್ಷಿ ಸಿಗದ ತಿಂಗಳಲ್ಲಿ ಇದೇ ಭರಣಿಗೆ ನೆಲ್ಲಿಕಾಯಿ, ಪ್ಯಾಶನ್‌ಫ್ರೂಟ್, ಕಿತ್ತಳೆ, ಶುಂಠಿ ಬೀಳುತ್ತವೆ. ವೀಳ್ಯದೆಲೆಯನ್ನೂ ಗಾಂಧಾರಿ ಮೆಣಸನ್ನೂ ಬಿಟ್ಟಿಲ್ಲ.

ಇಟ್ಟು ಹಳೆಯದು ಮಾಡುವ ವಿದ್ಯೆ ಕೊಡಗಿನ ಅಡುಗೆಮನೆಗೆ ಹೊಸದಲ್ಲ. ಪಂದಿ ಕರಿಗೆ ಹಾಕುವ ಕಾಚಂಪುಳಿ ಮಳೆಗಾಲದಲ್ಲಿ ಉದುರಿದ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ್ದು. ವರ್ಷಗಟ್ಟಲೆ ಕೆಡದೆ ಇರುತ್ತದೆ, ಹಳೆಯದಕ್ಕೆ ಬೆಲೆಯೂ ಹೆಚ್ಚು. ವೈನಿಗೂ ಇದೇ ಮಾತು ಅನ್ವಯಿಸುತ್ತದೆ ಎಂದು ಮನೆಯವರು ನಂಬುತ್ತಾರೆ. ಆದರೆ ಭರಣಿಯ ವೈನ್ ‘ಹಳೆಯದಾಗುವುದು’ ಮುಖ್ಯವಾಗಿ ಸಕ್ಕರೆಯ ಬಲದಿಂದ. ಬೆಂಗಳೂರು ಬ್ಲೂ ಹಣ್ಣಿನಲ್ಲಿ ಸಕ್ಕರೆ ಸಾಮಾನ್ಯವಾಗಿ 16–18 ಬ್ರಿಕ್ಸ್ (ರಸದ ತೂಕದಲ್ಲಿ ಸುಮಾರು ಅಷ್ಟು ಪ್ರತಿಶತ); ಹಾಗೆಯೇ ಹುಳಿಬರಿಸಿದರೆ ಮದ್ಯಸಾರ ಹತ್ತು ಪ್ರತಿಶತದ ಆಜುಬಾಜಿನಲ್ಲಿ ನಿಲ್ಲುತ್ತದೆ, ಬಾಯಿಗೆ ತೆಳ್ಳಗೆ, ಹುಳಿಯಾಗಿ ತಾಗುತ್ತದೆ. ಹಾಗಾಗಿ ಹೊರಗಿನಿಂದ ಸಕ್ಕರೆ ಬೇಕು. ಅದರಲ್ಲಿ ಒಂದು ಪಾಲು ಮದ್ಯಸಾರವಾದರೆ ಉಳಿದದ್ದು ಸಿಹಿಯಾಗಿಯೇ ಉಳಿದು ವೈನನ್ನು ಕಾಯುತ್ತದೆ. ಬಟ್ಟೆಯ ಮೂಲಕ ಒಳಹೊಕ್ಕ ಗಾಳಿ ಅದನ್ನು ಒಂದೆರಡು ವರ್ಷದಲ್ಲಿ ಕಂದು ಬಣ್ಣಕ್ಕೂ ಒಣದ್ರಾಕ್ಷಿಯ ರುಚಿಗೂ ತಿರುಗಿಸುತ್ತದೆ. ಅದು ಕೆಟ್ಟ ರುಚಿಯೇನಲ್ಲ. ಆದರೂ ಮಾಗುವುದಕ್ಕೂ ಗಾಳಿಗೆ ಬಾಡುವುದಕ್ಕೂ ವ್ಯತ್ಯಾಸವಿದೆ.

ಕೆಂಪು ವೈನ್ ಮಾಗಬೇಕಾದರೆ ಅದರಲ್ಲಿ ಒಗರು ಇರಬೇಕು, ಅಂದರೆ ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್. ಅದಕ್ಕೆ ಜೊತೆಯಾಗಿ ಆಮ್ಲ ಇರಬೇಕು. ಹೊಸದರಲ್ಲಿ ನಾಲಗೆಯನ್ನು ಹಿಡಿಯುವ ಟ್ಯಾನಿನ್ ಕಣಗಳು ವರ್ಷಗಳು ಕಳೆದಂತೆ ಒಂದಕ್ಕೊಂದು ಮತ್ತು ಬಣ್ಣದ ಕಣಗಳಿಗೂ ಕೂಡಿಕೊಳ್ಳುತ್ತ ದೊಡ್ಡದಾಗುತ್ತವೆ. ಕೆಲವು ಗಸಿಯಾಗಿ ಬಾಟಲಿಯ ತಳ ಸೇರುತ್ತವೆ. ಒಗರು ಮೆತ್ತಗಾಗುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕಡೆಗೆ ವಾಲುತ್ತದೆ. ಓಕ್ ಪೀಪಾಯಿ ಈ ಕೆಲಸವನ್ನು ಶುರು ಮಾಡಿಕೊಡುತ್ತದೆ: ಬೋರ್ಡೋದಲ್ಲಿ ರೂಢಿಯಲ್ಲಿರುವ 225 ಲೀಟರಿನ ಪೀಪಾಯಿಯ ಹಲಗೆಯ ಮೂಲಕ ಆಮ್ಲಜನಕ ಎಷ್ಟು ಬೇಕೋ ಅಷ್ಟು ಮಾತ್ರ ಒಳಗೆ ನುಸುಳುತ್ತದೆ. ಲಬ್ರುಸ್ಕಾ ರಕ್ತದ ದ್ರಾಕ್ಷಿಗೆ ಬಣ್ಣ ಧಾರಾಳ, ಒಗರಿನ ಬೆನ್ನೆಲುಬು ಕಡಿಮೆ. ದಕ್ಷಿಣದಲ್ಲಿ ಬಹುಕಾಲ ಬೆಂಗಳೂರು ಬ್ಲೂವಿನಿಂದ ಆದದ್ದೆಲ್ಲ ಸಿಹಿ ‘ಪೋರ್ಟ್’ ಮಾದರಿಯ ವೈನೇ ಆಗಿದ್ದಕ್ಕೆ ಇದೂ ಕಾರಣ. ಗೋವಾದ ಹೆಸರಾಂತ ಪೋರ್ಟ್‌ಗಳಿಗೂ ಕರ್ನಾಟಕದ ಬೆಂಗಳೂರು ಬ್ಲೂವೇ ಕಚ್ಚಾ ಮಾಲು.

ಸ್ವಾತಂತ್ರ್ಯದ ನಂತರದ ಮೂರು ದಶಕಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಂವಿಧಾನದ 47ನೇ ವಿಧಿ ಪಾನನಿರೋಧವನ್ನು ಸರ್ಕಾರದ ಗುರಿಯಾಗಿ ಇಟ್ಟಿತ್ತು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. 1965ರ ಅಬಕಾರಿ ಕಾಯ್ದೆ ಬಂದ ಮೇಲೆ, ದ್ರಾಕ್ಷಿಯಿಂದ ವೈನ್ ತಯಾರಿಸುವುದಕ್ಕೆ ಪ್ರತ್ಯೇಕ ನಿಯಮಗಳೂ 1968ರಲ್ಲಿ ಬಂದವು. ಕಾನೂನಿನಲ್ಲಿ ಬಾಗಿಲು ಇತ್ತು, ಅದರೊಳಗೆ ಹೋಗುವವರು ಇರಲಿಲ್ಲ. ದೇಶದೊಳಗೆ ಒಣ ವೈನ್ ಕುಡಿಯುವವರು ಬೆರಳೆಣಿಕೆಯಷ್ಟು, ವಿದೇಶಿ ಬಾಟಲಿಗೆ ದೊಡ್ಡ ಸುಂಕ.

ಬದಲಾವಣೆ ಹುಟ್ಟಿದ್ದು ಕನ್ವಲ್ ಗ್ರೋವರ್ ಎಂಬ ಉದ್ಯಮಿಯ ಹಟದಲ್ಲಿ. ಫ್ರಾನ್ಸಿನ ಜೊತೆ ವ್ಯಾಪಾರ ನಡೆಸುತ್ತಿದ್ದ ಗ್ರೋವರ್ ಅಲ್ಲಿನ ವೈನಿಗೆ ಮನಸೋತು, ಅಂಥದ್ದನ್ನೇ ಭಾರತದಲ್ಲಿ ಮಾಡಬೇಕೆಂದು ಹೊರಟರು. ಶಾಂಪೇನ್ ಸೀಮೆಯ ಬೂಝಿ ಎಂಬ ಊರಿನ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ದೇಶದ ಬೇರೆ ಬೇರೆ ಕಡೆ ಮಣ್ಣು, ಹವೆ ನೋಡಿಸಿದರು. ಮೂವತ್ತಕ್ಕೂ ಹೆಚ್ಚು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿದ ಮೇಲೆ ಆಯ್ಕೆಯಾದದ್ದು ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರ. ಅಂದರೆ ಬೆಂಗಳೂರು ಬ್ಲೂವಿನ ತವರಿನಲ್ಲೇ. 1988ರಲ್ಲಿ ಸಂಸ್ಥೆ ಶುರುವಾಯಿತು, 1992ರಲ್ಲಿ ಮೊದಲ ವೈನ್ ಪೇಟೆಗೆ ಬಂತು.

ವಿಶ್ವದ ಹೆಸರುವಾಸಿ ದ್ರಾಕ್ಷಿ ಸೀಮೆಗಳು ಬಹುಪಾಲು 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಇವೆ; ನಂದಿ ಇರುವುದು 13 ಡಿಗ್ರಿಯಲ್ಲಿ. ಈ ಕೊರತೆಯನ್ನು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ಒಂದಷ್ಟು ತುಂಬಿತು. ಇನ್ನೊಂದು ತೊಡಕು ಚಳಿಗಾಲ ಇಲ್ಲದ್ದು. ಫ್ರಾನ್ಸಿನಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಇಲ್ಲಿ ಮಲಗುವುದೇ ಇಲ್ಲ. ಅದಕ್ಕೆ ದಕ್ಷಿಣದ ದ್ರಾಕ್ಷಿ ಬೆಳೆಗಾರರು ಮೊದಲಿನಿಂದ ಮಾಡಿಕೊಂಡು ಬಂದ ಉಪಾಯವೆಂದರೆ ವರ್ಷಕ್ಕೆ ಎರಡು ಸಲ ಸವರುವುದು. ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಎನ್ನುತ್ತಾರೆ. ಬೇಸಿಗೆಯ ಚಾಟ್ನಿ ಕಡ್ಡಿ ಬೆಳೆಸಲು, ಮಳೆ ಹಿಂದೆ ಸರಿಯುವಾಗಿನ ಚಾಟ್ನಿ ಹಣ್ಣಿಗೆ. ಹೀಗೆ ಮಾಡಿದರೆ ಹಣ್ಣು ಮಾಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ: ಮಳೆ ಇಲ್ಲ, ಹಗಲು ಬಿಸಿಲು, ರಾತ್ರಿ ತಂಪು. ಸಕ್ಕರೆ ಏರುತ್ತದೆ, ಆಮ್ಲ ಪೂರ್ತಿ ಇಳಿಯುವುದಿಲ್ಲ. ಬೆಂಗಳೂರು ಬ್ಲೂ ಬೆಳೆಗಾರ ಎರಡು ಬೆಳೆ ತೆಗೆಯುವ ಜಾಗದಲ್ಲಿ ಇಲ್ಲಿ ಒಂದೇ ಬೆಳೆ, ಇಳುವರಿಯೂ ಅದರ ಕಾಲುಭಾಗದಷ್ಟು. ಪಕ್ಕದ ಹೊಲದವನಿಗೆ ಇದು ಲೆಕ್ಕಕ್ಕೆ ಸಿಗದ ಕೃಷಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

1990ರ ದಶಕದ ಮಧ್ಯದಲ್ಲಿ ಬೋರ್ಡೋದ ಪೊಮೆರೋಲಿನವರಾದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಜಗತ್ತಿನಾದ್ಯಂತ ವೈನರಿಗಳಿಗೆ ಸಲಹೆ ಕೊಡುತ್ತಿದ್ದ ರೋಲಾಂ, ಹಣ್ಣು ಪೂರ್ತಿ ಮಾಗುವವರೆಗೆ ಕಾಯಬೇಕು, ಮಿಶ್ರಣವನ್ನು ರುಚಿ ನೋಡಿಯೇ ಕಟ್ಟಬೇಕು ಎಂಬ ಪಂಥದವರು. ಈ ಹಂತದಲ್ಲಿ ರೂಪುಗೊಂಡದ್ದು ‘ಲಾ ರಿಸರ್ವ್’: ಕ್ಯಾಬರ್ನೆ ಸೊವಿನ್ಯೊಂ ಮತ್ತು ಶಿರಾಜ್ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಇಟ್ಟ ಕೆಂಪು ವೈನ್. ಕ್ಯಾಬರ್ನೆ ಒಗರನ್ನೂ ಶಿರಾಜ್ ಮೈಯನ್ನೂ ಕರಿಮೆಣಸಿನ ಛಾಯೆಯನ್ನೂ ಕೊಡುತ್ತವೆ. ಬೋರ್ಡೋದವರು ಕ್ಯಾಬರ್ನೆ ಜೊತೆ ಮೆರ್ಲೊ ಬೆರೆಸುತ್ತಾರೆ. ಬಿಸಿಲ ನಾಡಾದ ಆಸ್ಟ್ರೇಲಿಯದಲ್ಲಿ ಶಿರಾಜ್ ಬೆರೆಸುವುದು ರೂಢಿ. ದಖ್ಖನಿನ ಹವೆಗೆ ಈ ಎರಡನೆಯ ದಾರಿಯೇ ಸರಿಹೊಂದಿತು. ಬಾಟಲಿಯ ಮೇಲೆ ಕೊಯ್ಲಿನ ಇಸವಿ ಇತ್ತು. ಕರ್ನಾಟಕದ ಕೆಂಪು ವೈನಿನ ಚರಿತ್ರೆಯಲ್ಲಿ ಪೀಪಾಯಿಗಿಂತ ಈ ಇಸವಿಯೇ ದೊಡ್ಡ ಹೊಸತನ. ಒಂದು ವರ್ಷದ್ದನ್ನು ಐದು ವರ್ಷದ ಹಿಂದಿನದರ ಪಕ್ಕ ಇಟ್ಟು, ಮಳೆ ತಡವಾದ ವರ್ಷ ಹೇಗಿತ್ತು, ಒಣ ವರ್ಷ ಹೇಗಿತ್ತು ಎಂದು ಕೇಳಲು ಅದರಿಂದಲೇ ಸಾಧ್ಯವಾಯಿತು. ಈ ಸಂಸ್ಥೆ 2012ರಲ್ಲಿ ನಾಸಿಕದ ವಾಲೆ ದ ವ್ಯಾಂ ಕಂಪನಿಯೊಂದಿಗೆ ವಿಲೀನವಾಗಿ ಗ್ರೋವರ್ ಝಂಪಾ ಎಂಬ ಹೆಸರು ತಳೆಯಿತು.

ಸರ್ಕಾರ ಎಚ್ಚೆತ್ತದ್ದು ತಡವಾಗಿ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ನಾಸಿಕವನ್ನು ವೈನಿನ ಊರಾಗಿಸಿದ ಮೇಲೆ ಕರ್ನಾಟಕ 2007ರಲ್ಲಿ ತನ್ನ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ದ್ರಾಕ್ಷಾರಸ ಮಂಡಳಿ ಬಂತು, ಸುಂಕದ ರಿಯಾಯಿತಿ ಬಂತು, ವೈನ್ ಮಾತ್ರ ಮಾರುವ ಬೊಟಿಕ್ ಮಳಿಗೆಗಳಿಗೆ ಪರವಾನಗಿ ಬಂತು, ದ್ರಾಕ್ಷಾರಸ ಉತ್ಸವಗಳು ನಡೆದವು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ವೈನ್ ಸೀಮೆಗಳನ್ನು ಹೆಸರಿಸಲಾಯಿತು. ಕೊಪ್ಪಳ ಜಿಲ್ಲೆಯ ಒಣ ಗುಡ್ಡಗಳಲ್ಲಿ ಕೃಷ್ಣಪ್ರಸಾದ್ ಚಿಗುರುಪಾಟಿ ಕಟ್ಟಿದ ಕೃಸ್ಮಾ ಎಸ್ಟೇಟ್ಸ್ ‘ಹಂಪಿ ಹಿಲ್ಸ್’ ಹೆಸರಿನಲ್ಲಿ ಕ್ಯಾಬರ್ನೆ ಸೊವಿನ್ಯೊಂ ತಯಾರಿಸಿ, ಇಟ್ಟು ಕುಡಿಯುವ ಕೆಂಪು ವೈನಿಗೆ ರಾಜ್ಯದಲ್ಲಿ ಎರಡನೆಯ ವಿಳಾಸ ಒದಗಿಸಿತು. ಪಾಯೆಸ್ ಗೊಂಚಲಿನ ಬೆಲೆ ಬರೆದಿಟ್ಟ ವಿಜಯನಗರದ ಸೀಮೆಗೆ ಇದು ದೂರವೇನಲ್ಲ. ಇವತ್ತು ವೈನ್ ಉತ್ಪಾದನೆಯಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು.

ಕಾವೇರಿ ಕಣಿವೆಯ ಹೆಸರು ಕೊಡಗಿನ ನದಿಯದಾದರೂ ಅದರ ದ್ರಾಕ್ಷಿ ತೋಟಗಳು ಮೈಸೂರಿನಾಚೆಯ ಬಯಲಿನಲ್ಲಿವೆ. ಕುಟ್ಟದ ಹತ್ತಿರದ ಇರ್ಪಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಕೆಳಗಿಳಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುವಷ್ಟರಲ್ಲಿ ನೆಲ, ಮಳೆ, ಬೆಳೆ ಎಲ್ಲವೂ ಬದಲಾಗಿರುತ್ತವೆ. ಕೊಡಗಿಗೆ ಈ ನೀತಿಯಿಂದ ನೇರವಾಗಿ ದಕ್ಕಿದ್ದು ಕಡಿಮೆ. ಅಲ್ಲಿ ವೈನಿನ ಚಹರೆ ಬದಲಿಸಿದ್ದು ಪ್ರವಾಸೋದ್ಯಮ. 1990ರ ದಶಕದಿಂದೀಚೆಗೆ ಹೋಂಸ್ಟೇಗಳು ಹೆಚ್ಚಿದಂತೆ ಮನೆಯವರ ಬಳಕೆಗಿದ್ದ ಭರಣಿಯ ವೈನ್ ಜೇನು, ಕಾಫಿ ಪುಡಿ, ಮೆಣಸು, ಚಾಕೊಲೇಟುಗಳ ಸಾಲಿನಲ್ಲಿ ‘ಕೂರ್ಗ್ ಹೋಂಮೇಡ್ ವೈನ್’ ಆಗಿ ಅಂಗಡಿ ಸೇರಿತು. ಮಡಿಕೇರಿ, ಕುಶಾಲನಗರದ ಅಂಗಡಿಗಳ ಕಪಾಟಿನಲ್ಲಿ ಹತ್ತಾರು ಹಣ್ಣುಗಳ ಹೆಸರಿನ ಬಾಟಲಿ ಕಾಣಬಹುದು. ಅವುಗಳಲ್ಲಿ ಕೆಲವು ನಿಜಕ್ಕೂ ಮನೆಯವು. ಇನ್ನು ಕೆಲವು ಬಣ್ಣ ಕಟ್ಟಿದ ಸಕ್ಕರೆ ಪಾಕಕ್ಕಿಂತ ಹೆಚ್ಚಿನವಲ್ಲ.

ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು ಅಪರಾಧ. ಮನೆಯ ವೈನ್ ಇದಕ್ಕೆ ಹೊರತಲ್ಲ. ಪರವಾನಗಿಯ ವೈನರಿಗೆ ಬೇಕಾದ ಕಟ್ಟಡ, ಯಂತ್ರ, ಶುಲ್ಕ, ತಪಾಸಣೆ ಎರಡು ಭರಣಿಯ ಮನೆಗೆ ಎಟುಕುವಂಥದ್ದಲ್ಲ. ಕಾನೂನಿನ ಈ ಅಂಚಿನಲ್ಲಿ ನಿಂತ ಕಾರಣಕ್ಕೇ ಮನೆಯ ವೈನಿಗೆ ಲೇಬಲ್ ಇಲ್ಲ, ಕೊಯ್ಲಿನ ವರ್ಷವಿಲ್ಲ, ಮದ್ಯಸಾರದ ಪ್ರಮಾಣವಿಲ್ಲ, ಯಾವ ತೋಟದ ಹಣ್ಣೆಂಬ ದಾಖಲೆಯಿಲ್ಲ. ಕುಟ್ಟದ ಒಂದು ಮನೆಯಲ್ಲಿ ಹತ್ತು ವರ್ಷದ ವೈನ್ ಇದೆ ಎಂದರೆ ಅದು ಮನೆಯವರ ನೆನಪಿನ ಲೆಕ್ಕ. ಹಳೆಯದು ಮುಗಿಯುತ್ತ ಬಂದಾಗ ಹೊಸದನ್ನು ಅದರ ಮೇಲೇ ಸುರಿಯುವ ಮನೆಗಳಲ್ಲಿ ಆ ಲೆಕ್ಕವೂ ಹಿಡಿತಕ್ಕೆ ಸಿಗುವುದಿಲ್ಲ. ಸ್ಪೇನಿನ ಶೆರ್ರಿ ತಯಾರಕರು ಸೊಲೇರಾ ಎಂಬ ಪದ್ಧತಿಯಲ್ಲಿ ಹೀಗೆ ಹಳೆಯದರ ಮೇಲೆ ಹೊಸದನ್ನು ತುಂಬಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿ, ಬಾಟಲಿಗೆ ಸರಾಸರಿ ವಯಸ್ಸು ಬರೆಯುವ ನಿಯಮವನ್ನೂ ಮಾಡಿಕೊಂಡಿದ್ದಾರೆ. ಕೊಡಗಿನಲ್ಲಿ ಅಂಥದ್ದೊಂದು ನಿಯಮ ಇಲ್ಲ. ಅಬಕಾರಿ ಇಲಾಖೆಯ ಕಣ್ಣಿಗೆ ಎರಡು ಭರಣಿಯ ಮನೆಯೂ ಕಳ್ಳಭಟ್ಟಿಯೂ ಒಂದೇ ಕಾಯ್ದೆಯ ಕೆಳಗೆ ಬರುತ್ತವೆ.